ಕೋಶಗಳು ಕಸುಬು ಬದಲಿಸಿದಾಗ: ಭರವಸೆ ಎಷ್ಟು, ಎಚ್ಚರಿಕೆ ಎಷ್ಟು?

ಚೀನಾದ ತಿಯಾಂಜಿನ್ ನಗರದಲ್ಲಿ ಟೈಪ್ 1 ಮಧುಮೇಹದಿಂದ ಬಳಲುತ್ತಿದ್ದ 25ರ ಹರೆಯದ ಮಹಿಳೆಯೊಬ್ಬರಿಗೆ 2023ರ ಜೂನ್ ತಿಂಗಳಲ್ಲಿ ಹೊಸ ಬಗೆಯ ಚಿಕಿತ್ಸೆಯೊಂದನ್ನು ನೀಡಲಾಯಿತು. ಅವರದೇ ದೇಹದ ಕೊಬ್ಬಿನ ಅಂಗಾಂಶದಿಂದ ಕೋಶಗಳನ್ನು ತೆಗೆದು, ರಾಸಾಯನಿಕಗಳ ಸಹಾಯದಿಂದ ಅವುಗಳನ್ನು ಮೊದಲ ಸ್ಥಿತಿಗೆ ಮರಳಿಸಿ, ಬಳಿಕ ಇನ್ಸುಲಿನ್ ತಯಾರಿಸುವ ಕೋಶಗಳನ್ನಾಗಿ ಬೆಳೆಸಿ, ಮತ್ತೆ ಅವರದೇ ಹೊಟ್ಟೆಯ ಸ್ನಾಯುಗಳೊಳಗೆ ಇರಿಸಲಾಯಿತು. 75 ದಿನಗಳ ನಂತರ ಅವರಿಗೆ ಇನ್ಸುಲಿನ್ ಚುಚ್ಚುಮದ್ದು ಬೇಕಾಗಲಿಲ್ಲ. ಒಂದು ವರ್ಷ ಕಳೆದರೂ ಸ್ಥಿತಿ ಹಾಗೆಯೇ ಇತ್ತು. ಪೆಕಿಂಗ್ ವಿಶ್ವವಿದ್ಯಾನಿಲಯದ ಡೆಂಗ್ ಹಾಂಗ್‌ಕುಯಿ ಮತ್ತು ಸಂಗಡಿಗರು 2024ರ ಸೆಪ್ಟೆಂಬರ್‌ನಲ್ಲಿ ‘ಸೆಲ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಈ ವಿವರಗಳನ್ನು ಪ್ರಕಟಿಸಿದರು.

ಇಂತಹ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ದಾಟುವಷ್ಟರಲ್ಲಿ ‘ಸಕ್ಕರೆ ಕಾಯಿಲೆಗೆ ಮದ್ದು ಸಿಕ್ಕಿತು’ ಎಂದಾಗಿಬಿಡುತ್ತದೆ. ಮನೆಯಲ್ಲಿ ದಿನಕ್ಕೆ ನಾಲ್ಕು ಬಾರಿ ಸೂಜಿ ಚುಚ್ಚಿಸಿಕೊಳ್ಳುವ ಮಗುವಿರುವ ತಾಯಿ ಅದನ್ನು ಓದಿದರೆ ಆಕೆಯ ಮನಸ್ಸು ಹೇಗಾಗಬೇಡ? ಆದ್ದರಿಂದ ಈ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದೆಂದು ನಮಗೆ ತೋರುತ್ತದೆ. ನಿಜವಾಗಿ ನಡೆದಿರುವುದೇನು? ಅದರಲ್ಲಿ ಭರವಸೆ ಇಡಬಹುದಾದದ್ದು ಎಷ್ಟು? ಧರ್ಮಸಭೆಯ ನಿಲುವಿಗೂ ಇದಕ್ಕೂ ಏನು ಸಂಬಂಧ?

ಒಂದೇ ಗ್ರಂಥ, ಬೇರೆ ಬೇರೆ ಪುಟ

ನಮ್ಮ ದೇಹದ ಚರ್ಮದ ಕೋಶ, ಹೃದಯದ ಕೋಶ, ನರದ ಕೋಶ ಎಲ್ಲದರ ಒಳಗೂ ಇರುವುದು ಬಹುಮಟ್ಟಿಗೆ ಒಂದೇ ವಂಶವಾಹಿ ಗ್ರಂಥ. ಬಲಿಪೀಠದ ಮೇಲಿನ ಪೂಜಾಗ್ರಂಥ ವರ್ಷವಿಡೀ ಒಂದೇ. ಆದರೆ ಕ್ರಿಸ್ಮಸ್ ದಿನ ತೆರೆಯುವ ಪುಟ ಬೇರೆ, ಶುಭಶುಕ್ರವಾರ ತೆರೆಯುವ ಪುಟ ಬೇರೆ. ಹಾಗೆಯೇ ಚರ್ಮದ ಕೋಶವು ತನಗೆ ಬೇಕಾದ ಪುಟಗಳನ್ನು ಮಾತ್ರ ತೆರೆದಿಟ್ಟು ಉಳಿದವನ್ನು ಮುಚ್ಚಿರುತ್ತದೆ. ಕೋಶದ ‘ಗುರುತು’ ಎಂದರೆ ಇದೇ.

ಹಾಲು ಮೊಸರಾದ ಮೇಲೆ ಮತ್ತೆ ಹಾಲಾಗದು. ಬೆಳೆದ ಕೋಶದ ಕುರಿತಾಗಿಯೂ ವಿಜ್ಞಾನಿಗಳು ಬಹುಕಾಲ ಹೀಗೆಯೇ ನಂಬಿದ್ದರು. ಒಮ್ಮೆ ಚರ್ಮವಾದ ಕೋಶ ಕೊನೆಯವರೆಗೂ ಚರ್ಮವೇ. 1962ರಲ್ಲಿ ಇಂಗ್ಲೆಂಡಿನ ಜಾನ್ ಗರ್ಡನ್ ಈ ನಂಬಿಕೆಯನ್ನು ಅಲುಗಾಡಿಸಿದರು. ಕಪ್ಪೆಮರಿಯ ಕರುಳಿನ ಕೋಶದಿಂದ ಬೀಜಕೇಂದ್ರವನ್ನು ತೆಗೆದು, ಕೇಂದ್ರವಿಲ್ಲದ ಮೊಟ್ಟೆಯೊಳಗೆ ಇಟ್ಟಾಗ ಅದರಿಂದ ಹೊಸ ಕಪ್ಪೆಮರಿಗಳು ಬೆಳೆದವು. ಅಂದರೆ ಮುಚ್ಚಿದ ಪುಟಗಳು ಹರಿದುಹೋಗಿರಲಿಲ್ಲ, ಅವುಗಳನ್ನು ಮತ್ತೆ ತೆರೆಯಲು ಸಾಧ್ಯವಿತ್ತು.

2006ರಲ್ಲಿ ಜಪಾನಿನ ಕ್ಯೋಟೊ ವಿಶ್ವವಿದ್ಯಾನಿಲಯದ ಶಿನ್ಯಾ ಯಮನಾಕ ಇನ್ನೂ ಮುಂದೆ ಹೋದರು. 24 ಜೀನ್‌ಗಳನ್ನು ಪರೀಕ್ಷಿಸಿ, ಕೊನೆಗೆ ಕೇವಲ ನಾಲ್ಕನ್ನು ಸೇರಿಸಿದರೆ ಇಲಿಯ ಚರ್ಮದ ಕೋಶ ಭ್ರೂಣದ ಆಕರಕೋಶದಂತಾಗಿ, ಯಾವ ಅಂಗಾಂಶವಾಗಿ ಬೇಕಾದರೂ ಬೆಳೆಯಬಲ್ಲ ಸ್ಥಿತಿಗೆ ಮರಳುತ್ತದೆ ಎಂದು ಅವರು ಮತ್ತು ಅವರ ಸಹೋದ್ಯೋಗಿ ಕಜುತೋಶಿ ತಕಹಾಶಿ ತೋರಿಸಿದರು. 2007ರಲ್ಲಿ ಮನುಷ್ಯರ ಕೋಶಗಳಲ್ಲೂ ಇದು ಸಾಧ್ಯವಾಯಿತು. 2012ರಲ್ಲಿ ಗರ್ಡನ್ ಮತ್ತು ಯಮನಾಕ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ತಿಯಾಂಜಿನ್‌ನ ಚಿಕಿತ್ಸೆ ಇದೇ ದಾರಿಯ ಮುಂದುವರಿಕೆ. ಅಲ್ಲಿ ಜೀನ್‌ಗಳ ಬದಲು ರಾಸಾಯನಿಕಗಳನ್ನು ಬಳಸಲಾಯಿತು ಎಂಬುದಷ್ಟೇ ವ್ಯತ್ಯಾಸ.

ದೇಹಕ್ಕೆ ಮೊದಲೇ ಗೊತ್ತಿದ್ದ ವಿದ್ಯೆ

ಮನುಷ್ಯ ಪ್ರಯೋಗಾಲಯದಲ್ಲಿ ಕಂಡುಕೊಂಡ ಈ ವಿದ್ಯೆ ಸೃಷ್ಟಿಯಲ್ಲಿ ಮೊದಲಿನಿಂದಲೂ ಇದೆ ಎಂಬುದು ಗಮನಿಸಬೇಕಾದ ಸಂಗತಿ. ಇಟಲಿಯ ಲಜ್ಜಾರೊ ಸ್ಪಲಾಂಜಾನಿ ಎಂಬವರು 1768ರಲ್ಲಿ, ಸಾಲಮ್ಯಾಂಡರ್ ಎಂಬ ಹಲ್ಲಿಯಾಕಾರದ ಜೀವಿಯ ಕಾಲು, ಬಾಲ ಕತ್ತರಿಸಿದರೂ ಮತ್ತೆ ಬೆಳೆಯುತ್ತವೆ ಎಂದು ವರದಿ ಮಾಡಿದ್ದರು. ಅವರು ವಿಜ್ಞಾನಿಯಷ್ಟೇ ಅಲ್ಲ, ಕೆಥೋಲಿಕ ಧರ್ಮಗುರುವೂ ಆಗಿದ್ದರು. ಅದೇ ಜಾತಿಗೆ ಸೇರಿದ ನ್ಯೂಟ್ ಎಂಬ ಜೀವಿಯ ಕಣ್ಣಿನ ಮಸೂರವನ್ನು ತೆಗೆದರೆ, ಪಾಪೆಯ ಸುತ್ತ ಇರುವ ಬಣ್ಣದ ಪೊರೆಯ ಕೋಶಗಳು ತಮ್ಮ ಬಣ್ಣವನ್ನು ಕಳಚಿಕೊಂಡು ಹೊಸ ಮಸೂರವನ್ನು ರೂಪಿಸುತ್ತವೆ. ಜಪಾನಿನಲ್ಲಿ ನಡೆದ ಒಂದು ಅಧ್ಯಯನದಲ್ಲಿ 16 ವರ್ಷಗಳಲ್ಲಿ 18 ಬಾರಿ ಮಸೂರ ತೆಗೆದರೂ ಪ್ರತಿ ಬಾರಿಯೂ ಅದು ಮತ್ತೆ ಬೆಳೆಯಿತು. 2011ರಲ್ಲಿ ಆ ಫಲಿತಾಂಶ ಪ್ರಕಟವಾಯಿತು.

ನಮ್ಮಂಥ ಸಸ್ತನಿಗಳಲ್ಲಿ ಈ ಶಕ್ತಿ ಕಡಿಮೆ. ಆದರೆ ಪೂರ್ತಿ ಇಲ್ಲವೆಂದಲ್ಲ. ಕೈ ಅಥವಾ ಕಾಲಿನ ನರ ಕಡಿದಾಗ, ನರಕ್ಕೆ ಹೊದಿಕೆಯಾಗಿದ್ದ ಶ್ವಾನ್ ಕೋಶಗಳು ತಮ್ಮ ನಿತ್ಯದ ಕೆಲಸ ಬಿಟ್ಟು ರಿಪೇರಿ ಕೆಲಸಕ್ಕೆ ಇಳಿಯುತ್ತವೆ. ಹಾಳಾದ ಭಾಗವನ್ನು ಗುಡಿಸಿ, ಹೊಸ ನರತಂತು ಬೆಳೆಯಲು ಹಾದಿ ಮಾಡಿಕೊಡುತ್ತವೆ. ಆ ಹಾದಿಯಲ್ಲಿ ನರ ದಿನಕ್ಕೆ ಸುಮಾರು 1 ಮಿಲಿಮೀಟರ್‌ನಷ್ಟು ಮುಂದುವರಿಯುತ್ತದೆ. ಹುಟ್ಟುವಾಗಲೇ ಪಿತ್ತನಾಳಗಳಿಲ್ಲದ ಇಲಿಗಳ ಲಿವರ್‌ನಲ್ಲಿ, ಲಿವರಿನ ಮಾಮೂಲಿ ಕೋಶಗಳೇ ಬದಲಾಗಿ ಪಿತ್ತನಾಳಗಳನ್ನು ಕಟ್ಟಿಕೊಂಡದ್ದನ್ನು 2018ರಲ್ಲಿ ಸಂಶೋಧಕರು ತೋರಿಸಿದರು. ಇನ್ಸುಲಿನ್ ಕೋಶಗಳು ಬಹುತೇಕ ನಾಶವಾದ ಇಲಿಗಳಲ್ಲಿ, ಪಕ್ಕದಲ್ಲೇ ಇದ್ದು ಅದಕ್ಕೆ ವಿರುದ್ಧ ಕೆಲಸ ಮಾಡುತ್ತಿದ್ದ ಆಲ್ಫಾ ಕೋಶಗಳಲ್ಲಿ ಕೆಲವು ತಾವೇ ಇನ್ಸುಲಿನ್ ತಯಾರಿಸತೊಡಗಿದ್ದನ್ನು ಜಿನೀವಾದ ಪೆದ್ರೊ ಹೆರೇರಾ ಅವರ ತಂಡ 2010ರಲ್ಲಿ ವರದಿ ಮಾಡಿತು.

ಇವುಗಳಲ್ಲಿ ನಮಗೆ ಬಹಳ ಹಿಡಿಸಿದ್ದು 2013ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ಜನರಲ್ ಆಸ್ಪತ್ರೆಯ ಸಂಶೋಧಕರು ಇಲಿಯ ಶ್ವಾಸನಾಳದಲ್ಲಿ ಕಂಡ ಸಂಗತಿ. ಅಲ್ಲಿನ ಆಕರಕೋಶಗಳನ್ನು ನಾಶಪಡಿಸಿದಾಗ, ಸ್ರಾವ ಸುರಿಸುವ ಸಾಧಾರಣ ಕೋಶಗಳು ಹಿಂದಕ್ಕೆ ಮರಳಿ ಆಕರಕೋಶಗಳಾದವು. ಆದರೆ ಪಕ್ಕದಲ್ಲಿ ಒಂದೇ ಒಂದು ಮೂಲ ಆಕರಕೋಶ ತಾಗಿಕೊಂಡಿದ್ದರೂ ಸಾಕು, ಅವು ಬದಲಾಗುತ್ತಿರಲಿಲ್ಲ. ಅಗತ್ಯ ಬಿದ್ದಾಗ ಮಾತ್ರ ಮುಂದೆ ಬರುವುದು, ಇಲ್ಲದಿದ್ದರೆ ತನ್ನ ಪಾಲಿನ ಕೆಲಸದಲ್ಲೇ ಇರುವುದು. ಈ ಶಿಸ್ತು ಬಹಳ ಮುಖ್ಯವಾದದ್ದು. ಅದು ತಪ್ಪಿದರೆ ಏನಾಗುತ್ತದೆ ಎಂಬುದನ್ನೂ ನೋಡಬೇಕು.

ಶಿಸ್ತು ತಪ್ಪಿದರೆ

ಹೊಟ್ಟೆಯ ಆಮ್ಲ ವರ್ಷಗಟ್ಟಲೆ ಅನ್ನನಾಳಕ್ಕೆ ಏರಿ ಬರುತ್ತಿದ್ದರೆ, ಅಲ್ಲಿನ ಒಳಪೊರೆ ಕೆಲವರಲ್ಲಿ ಕರುಳಿನ ಪೊರೆಯಂತೆ ಬದಲಾಗುತ್ತದೆ. ವೈದ್ಯರು ಇದನ್ನು ಬ್ಯಾರೆಟ್ಸ್ ಅನ್ನನಾಳ ಎನ್ನುತ್ತಾರೆ. ಆಮ್ಲವನ್ನು ತಾಳಿಕೊಳ್ಳಲು ದೇಹ ಕಂಡುಕೊಂಡ ಉಪಾಯವಿದು. ಆದರೆ ಅದೇ ಬದಲಾವಣೆ ಕ್ಯಾನ್ಸರಿನ ಅಪಾಯವನ್ನೂ ಹೆಚ್ಚಿಸುತ್ತದೆ. ಗಾಯ ಮಾಯಿಸುವ ಹಾದಿಯೂ ಗಡ್ಡೆ ಬೆಳೆಯುವ ಹಾದಿಯೂ ಕೆಲವೆಡೆ ಅಕ್ಕಪಕ್ಕದಲ್ಲೇ ಸಾಗುತ್ತವೆ.

ರೋಗಾಣುಗಳೂ ಈ ಹಾದಿಯನ್ನು ಬಲ್ಲವು. ಕುಷ್ಠರೋಗದ ಬ್ಯಾಕ್ಟೀರಿಯಾ ಮೇಲೆ ಹೇಳಿದ ಶ್ವಾನ್ ಕೋಶಗಳೊಳಗೆ ಸೇರಿಕೊಂಡು, ಅವುಗಳನ್ನು ಆಕರಕೋಶಗಳಂತೆ ಬದಲಿಸಿ, ಅವುಗಳ ಮೂಲಕವೇ ಬೇರೆ ಅಂಗಾಂಶಗಳಿಗೆ ಹರಡಬಲ್ಲದು ಎಂದು ಎಡಿನ್‌ಬರೋದ ಸಂಶೋಧಕರು 2013ರಲ್ಲಿ ಇಲಿಗಳ ಕೋಶಗಳಲ್ಲಿ ತೋರಿಸಿದರು. 19ನೇ ಶತಮಾನದ ಕೊನೆಯಲ್ಲಿ ಫಾದರ್ ಆಗಸ್ಟಸ್ ಮುಲ್ಲರ್ ಅವರು ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ತೆರೆದ ನಮ್ಮ ಕರಾವಳಿಗೆ ಈ ರೋಗದ ನೋವು ಅಪರಿಚಿತವಲ್ಲ.

ಪ್ರಯೋಗಾಲಯದಲ್ಲಿ ಬದಲಿಸಿದ ಕೋಶಗಳಿಗೂ ಈ ಅಪಾಯ ತಪ್ಪಿದ್ದಲ್ಲ. ಯಮನಾಕ ಬಳಸಿದ ನಾಲ್ಕು ಜೀನ್‌ಗಳಲ್ಲಿ ಒಂದು ಕ್ಯಾನ್ಸರಿಗೂ ಸಂಬಂಧಪಟ್ಟದ್ದು. 2014ರ ಸೆಪ್ಟೆಂಬರ್‌ನಲ್ಲಿ ಜಪಾನಿನ ಕೋಬೆಯಲ್ಲಿ ನೇತ್ರತಜ್ಞೆ ಮಸಾಯೊ ತಕಹಾಶಿ ಅವರ ತಂಡ, ದೃಷ್ಟಿ ಕಳೆದುಕೊಳ್ಳುತ್ತಿದ್ದ ವೃದ್ಧೆಯೊಬ್ಬರ ಚರ್ಮದ ಕೋಶಗಳಿಂದ ಅಕ್ಷಿಪಟಲದ ಪದರವನ್ನು ಬೆಳೆಸಿ ಅವರ ಕಣ್ಣಿಗೆ ಜೋಡಿಸಿತು. ಆದರೆ ಎರಡನೇ ರೋಗಿಗಾಗಿ ಸಿದ್ಧಪಡಿಸಿದ್ದ ಕೋಶಗಳಲ್ಲಿ ಜೀನ್‌ಗಳ ಬದಲಾವಣೆ ಕಂಡುಬಂದಾಗ ಶಸ್ತ್ರಚಿಕಿತ್ಸೆಯನ್ನೇ ನಿಲ್ಲಿಸಿದರು. ಹೆಸರು ಬರುವ ಹೊತ್ತಿನಲ್ಲಿ ಹೀಗೆ ನಿಲ್ಲಿಸುವುದಕ್ಕೂ ಧೈರ್ಯ ಬೇಕು.

ಒಂದೇ ರೋಗ, ಎರಡು ದಾರಿ

ಈಗ ನೀತಿಯ ಪ್ರಶ್ನೆಗೆ ಬರೋಣ. 2025ರ ಜೂನ್‌ನಲ್ಲಿ ಟೈಪ್ 1 ಮಧುಮೇಹದ ಬಗ್ಗೆಯೇ ಇನ್ನೊಂದು ದೊಡ್ಡ ಸುದ್ದಿ ಬಂತು. ಅಮೆರಿಕದ ವರ್ಟೆಕ್ಸ್ ಕಂಪನಿಯ ಚಿಕಿತ್ಸೆಯಲ್ಲಿ ಪೂರ್ಣ ಪ್ರಮಾಣ ಪಡೆದ 12 ಮಂದಿಯ ಪೈಕಿ 10 ಮಂದಿಗೆ ಒಂದು ವರ್ಷದ ಬಳಿಕ ಇನ್ಸುಲಿನ್ ಚುಚ್ಚಿಕೊಳ್ಳುವ ಅಗತ್ಯ ಉಳಿದಿರಲಿಲ್ಲ. ಫಲಿತಾಂಶ ನಿಸ್ಸಂಶಯವಾಗಿ ಗಮನಾರ್ಹ. ಆದರೆ ಇಲ್ಲಿ ಬಳಸಿದ ಕೋಶಗಳ ಮೂಲ ರೋಗಿಯ ದೇಹವಲ್ಲ, ಮಾನವ ಭ್ರೂಣದಿಂದ ಪಡೆದ ಆಕರಕೋಶಗಳು. ಅಂಥ ಕೋಶಗಳನ್ನು 1998ರಲ್ಲಿ ಅಮೆರಿಕದ ಜೇಮ್ಸ್ ಥಾಮ್ಸನ್ ಮೊದಲ ಬಾರಿಗೆ ಬೇರ್ಪಡಿಸಿದಂದಿನಿಂದ ವಿವಾದ ನಡೆದೇ ಇದೆ. ಏಕೆಂದರೆ ಅವುಗಳನ್ನು ತೆಗೆಯುವಾಗ ಭ್ರೂಣ ಸಾಯುತ್ತದೆ.

ವರ್ಟೆಕ್ಸ್‌ನ ಚಿಕಿತ್ಸೆಗೆ ಬುನಾದಿ ಹಾಕಿದವರು ಹಾರ್ವರ್ಡ್‌ನ ಡಗ್ಲಸ್ ಮೆಲ್ಟನ್. ತಮ್ಮ ಇಬ್ಬರು ಮಕ್ಕಳಿಗೆ ಟೈಪ್ 1 ಮಧುಮೇಹ ಬಂದದ್ದರಿಂದ ಈ ಸಂಶೋಧನೆಗೆ ಇಳಿದ ತಂದೆ ಅವರು. ಅವರ ಉದ್ದೇಶವನ್ನು ನಾವು ಹಗುರವಾಗಿ ಕಾಣಲಾರೆವು. ಇನ್ನೂ ಗಮನಾರ್ಹ ಸಂಗತಿಯೆಂದರೆ, 2008ರಲ್ಲಿ ಇದೇ ಮೆಲ್ಟನ್ ಅವರ ಪ್ರಯೋಗಾಲಯ ಭ್ರೂಣದ ಹಂಗಿಲ್ಲದ ಇನ್ನೊಂದು ದಾರಿಯನ್ನೂ ತೋರಿಸಿತ್ತು. ಬದುಕಿರುವ ಇಲಿಯ ಮೇದೋಜೀರಕ ಗ್ರಂಥಿಯಲ್ಲಿ ಜೀರ್ಣರಸ ತಯಾರಿಸುವ ಕೋಶಗಳನ್ನು ಮೂರು ಜೀನ್‌ಗಳ ಮೂಲಕ ಇನ್ಸುಲಿನ್ ಕೋಶಗಳಂತೆ ಅದು ಬದಲಿಸಿತ್ತು. ಒಬ್ಬನೇ ವಿಜ್ಞಾನಿಯ ಬದುಕಿನಲ್ಲಿ ಎರಡೂ ದಾರಿಗಳು ಎದುರಾಗಿದ್ದವು.

ಧರ್ಮಸಭೆಯ ನಿಲುವು ಸ್ಪಷ್ಟವಾದದ್ದು. ವ್ಯಾಟಿಕನ್ನಿನ ವಿಶ್ವಾಸ ಬೋಧನಾ ಪೀಠ 2008ರಲ್ಲಿ ಪ್ರಕಟಿಸಿದ ‘ದಿಗ್ನಿತಾಸ್ ಪೆರ್ಸೊನೇ’ ಎಂಬ ದಾಖಲೆಯ ಪ್ರಕಾರ, ವಯಸ್ಕರ ದೇಹದಿಂದ, ಹೆರಿಗೆಯ ಸಮಯದಲ್ಲಿ ಹೊಕ್ಕುಳಬಳ್ಳಿಯ ರಕ್ತದಿಂದ, ಸಹಜವಾಗಿ ಸತ್ತ ಭ್ರೂಣದ ಅಂಗಾಂಶದಿಂದ ಪಡೆಯುವ ಕೋಶಗಳ ಬಳಕೆಗೆ ಅಡ್ಡಿಯಿಲ್ಲ. ಜೀವಂತ ಭ್ರೂಣವನ್ನು ನಾಶಮಾಡಿ ಕೋಶ ಪಡೆಯುವುದು ಮಾತ್ರ ಒಪ್ಪತಕ್ಕದ್ದಲ್ಲ. ಒಬ್ಬರ ಗುಣಕ್ಕಾಗಿ ಇನ್ನೊಬ್ಬರ ಪ್ರಾಣವನ್ನು ಸಾಧನವನ್ನಾಗಿ ಮಾಡಬಾರದು ಎಂಬುದೇ ಇದರ ತಿರುಳು. ಕ್ರೈಸ್ತರಲ್ಲದವರಿಗೂ ಈ ಪ್ರಶ್ನೆ ಕಾಡಿದ್ದುಂಟು. ಗೆಳೆಯನ ಚಿಕಿತ್ಸಾಲಯದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಭ್ರೂಣವೊಂದನ್ನು ನೋಡಿದಾಗ, ಅದಕ್ಕೂ ತಮ್ಮ ಹೆಣ್ಣುಮಕ್ಕಳಿಗೂ ಹೆಚ್ಚು ಅಂತರವಿಲ್ಲವೆಂದು ತಮಗೆ ಹೊಳೆಯಿತು, ಬೇರೆ ದಾರಿ ಹುಡುಕಬೇಕೆನಿಸಿತು ಎಂದು ಯಮನಾಕ ಸ್ವತಃ ಹೇಳಿಕೊಂಡಿದ್ದಾರೆ.

ಗೆದ್ದೆವೆಂದು ಬೀಗುವುದು ಬೇಡ

ಹಾಗಾದರೆ ತಿಯಾಂಜಿನ್‌ನ ಸುದ್ದಿಯನ್ನು ಹಿಡಿದು ‘ನೋಡಿ, ಧರ್ಮಸಭೆ ಹೇಳಿದ್ದೇ ಸರಿಯಾಯಿತು’ ಎಂದು ಸಾರಬಹುದೇ? ಹಾಗೆ ಮಾಡಬಾರದೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು, ಫಲಿತಾಂಶ ಇನ್ನೂ ಎಳೆಯದು. ಟೈಪ್ 1 ಮಧುಮೇಹದಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಇನ್ಸುಲಿನ್ ಕೋಶಗಳನ್ನು ಕೊಲ್ಲುತ್ತದೆ. ಹೊಸ ಕೋಶಗಳು ಸ್ವಂತದ್ದೇ ಆದರೂ ಅವುಗಳ ಮೇಲೆ ಮತ್ತೆ ದಾಳಿ ನಡೆಯಬಹುದು. ಆ ಮಹಿಳೆಗೆ ಹಿಂದೆಯೇ ಲಿವರ್ ಕಸಿ ಆಗಿದ್ದರಿಂದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಯನ್ನು ಅವರು ಮೊದಲಿನಿಂದಲೂ ಸೇವಿಸುತ್ತಿದ್ದರು. ಹೀಗಾಗಿ ಔಷಧಿಯಿಲ್ಲದೆ ಕೋಶಗಳು ಉಳಿಯುತ್ತಿದ್ದವೇ ಎಂಬುದಕ್ಕೆ ಆ ಒಂದು ಪ್ರಕರಣ ಉತ್ತರ ಕೊಡಲಾರದು. ಭ್ರೂಣಕೋಶದ ದಾರಿಯಲ್ಲೂ ಈ ಔಷಧಿಗಳ ಹೊರೆ ಇದೆ. ವರ್ಟೆಕ್ಸ್ ಪ್ರಯೋಗದಲ್ಲಿ ಸಂಭವಿಸಿದ ಎರಡು ಸಾವುಗಳಲ್ಲಿ ಒಂದಕ್ಕೆ ಶಿಲೀಂಧ್ರದಿಂದ ಬಂದ ಮೆದುಳುಪೊರೆಯ ಸೋಂಕು ಕಾರಣವಾಗಿತ್ತು.

ಎರಡನೆಯದು, ವಯಸ್ಕ ಕೋಶಗಳ ಹೆಸರಿನಲ್ಲೂ ಜಗತ್ತು ಮೋಸ ಹೋಗಿದೆ. ಅಸ್ಥಿಮಜ್ಜೆಯ ಕೋಶಗಳು ಹೃದಯದ ಸ್ನಾಯುಗಳಾಗಿ ಬದಲಾಗುತ್ತವೆಂದು 2001ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪಿಯರೊ ಆನ್ವೆರ್ಸಾ ಮತ್ತು ಸಂಗಡಿಗರು ಪ್ರಕಟಿಸಿದಾಗ ಅನೇಕರು ಅದನ್ನು ಭ್ರೂಣಕ್ಕೆ ಪರ್ಯಾಯವೆಂದು ಕೊಂಡಾಡಿದರು. ಬೇರೆ ಪ್ರಯೋಗಾಲಯಗಳಲ್ಲಿ ಅದು ಸಿದ್ಧವಾಗಲಿಲ್ಲ. 2018ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆ ಮತ್ತು ಬ್ರಿಗಮ್ ಆಸ್ಪತ್ರೆ, ಆನ್ವೆರ್ಸಾ ಪ್ರಯೋಗಾಲಯದ 31 ಲೇಖನಗಳನ್ನು ಹಿಂತೆಗೆಯಬೇಕೆಂದು ವಿಜ್ಞಾನ ಪತ್ರಿಕೆಗಳಿಗೆ ಸೂಚಿಸಿದವು. 2014ರಲ್ಲಿ ಜಪಾನಿನಲ್ಲಿ, ಕೋಶಗಳನ್ನು ಆಮ್ಲದಲ್ಲಿ ಅದ್ದಿದರೆ ಸಾಕು, ಆಕರಕೋಶವಾಗುತ್ತವೆ ಎಂದು ಪ್ರಕಟವಾದ ಎರಡು ಲೇಖನಗಳು ಆರೇ ತಿಂಗಳಲ್ಲಿ ರದ್ದಾದವು. ನಮಗೆ ಇಷ್ಟವಾದ ಫಲಿತಾಂಶ ಎಂಬ ಕಾರಣಕ್ಕೆ ಅದು ಸತ್ಯವಾಗುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಭ್ರೂಣದ ಘನತೆ ಪರ್ಯಾಯ ಚಿಕಿತ್ಸೆಯ ಯಶಸ್ಸಿನ ಮೇಲೆ ನಿಂತಿಲ್ಲ. ವಯಸ್ಕ ಕೋಶಗಳ ದಾರಿ ನಾಳೆ ಸೋತರೂ, ಭ್ರೂಣದ ದಾರಿ ಗೆದ್ದರೂ, ಆ ಪುಟ್ಟ ಜೀವವನ್ನು ಕೊಲ್ಲುವುದು ಸರಿಯಾಗುವುದಿಲ್ಲ. ‘ನಮ್ಮ ದಾರಿಯಲ್ಲೂ ಗುಣವಾಗುತ್ತದೆ’ ಎಂಬ ಒಂದೇ ವಾದವನ್ನು ನೆಚ್ಚಿಕೊಂಡರೆ, ಗುಣವಾಗದ ದಿನ ನಮ್ಮ ಬಾಯಿ ಕಟ್ಟಿಹೋಗುತ್ತದೆ. ವಿಜ್ಞಾನದ ಗೆಲುವನ್ನು ದೇವರ ವರವೆಂದು ಸಂತೋಷದಿಂದ ಸ್ವೀಕರಿಸೋಣ. ಆದರೆ ಅದನ್ನು ನಮ್ಮ ನೀತಿಗೆ ಊರುಗೋಲಾಗಿ ಮಾಡಿಕೊಳ್ಳುವುದು ಬೇಡ. ಆ ನಿಲುವಿಗೆ ಬೆಲೆ ತೆರಬೇಕಾದಾಗ, ಅದನ್ನು ರೋಗಿಗಳ ಮತ್ತು ಹೆತ್ತವರ ಹೆಗಲ ಮೇಲೆ ಮಾತ್ರ ಹೊರಿಸಿ ನಾವು ದೂರ ನಿಲ್ಲುವಂತಿಲ್ಲ ಎಂಬುದನ್ನೂ ನೆನಪಿಡಬೇಕು.

ಭರವಸೆಯ ವ್ಯಾಪಾರ

ನಮ್ಮ ಊರುಗಳಿಗೆ ಹತ್ತಿರವಾದ ಇನ್ನೊಂದು ವಿಷಯವಿದೆ. ಜಪಾನಿನಲ್ಲೋ ಚೀನಾದಲ್ಲೋ ಒಂದು ಪ್ರಯೋಗ ಯಶಸ್ವಿಯಾದ ಕೂಡಲೇ, ಅದೇ ಹೆಸರಿನಲ್ಲಿ ಇಲ್ಲಿ ಅಂಗಡಿ ತೆರೆಯುವವರಿದ್ದಾರೆ. ಮೊಣಕಾಲು ನೋವು, ಪಾರ್ಶ್ವವಾಯು, ಮಕ್ಕಳ ಆಟಿಸಂ, ಬೆನ್ನುಹುರಿಯ ಪೆಟ್ಟು, ಎಲ್ಲದಕ್ಕೂ ‘ಸ್ಟೆಮ್ ಸೆಲ್ ಚಿಕಿತ್ಸೆ’ ಎಂಬ ಜಾಹೀರಾತುಗಳನ್ನು ನೀವು ನೋಡಿರಬಹುದು. ಗಲ್ಫ್‌ನಲ್ಲಿ ದುಡಿದು ಉಳಿಸಿದ ಹಣವನ್ನೋ, ಅಡವಿಟ್ಟ ಚಿನ್ನವನ್ನೋ ಇಂತಹ ಕಡೆ ಸುರಿಯುವ ಮೊದಲು ಕೆಲವು ವಿಷಯ ತಿಳಿದಿರಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2017ರಲ್ಲಿ ಹೊರಡಿಸಿದ ರಾಷ್ಟ್ರೀಯ ಮಾರ್ಗಸೂಚಿ ಈ ಬಗ್ಗೆ ಖಚಿತವಾಗಿ ಮಾತನಾಡಿದೆ. ಕೆಲವು ರಕ್ತಸಂಬಂಧಿ ಕಾಯಿಲೆಗಳಿಗೆ ನಡೆಯುವ ಅಸ್ಥಿಮಜ್ಜೆಯ ಕಸಿಯಂಥ ಚಿಕಿತ್ಸೆಗಳನ್ನು ಬಿಟ್ಟರೆ, ಉಳಿದ ಆಕರಕೋಶ ಬಳಕೆ ಏನಿದ್ದರೂ ಅನುಮತಿ ಪಡೆದ ವೈದ್ಯಕೀಯ ಪ್ರಯೋಗವಾಗಿ ಮಾತ್ರ ನಡೆಯಬೇಕು. ಪ್ರಯೋಗವೆಂದರೆ ಅದು ಸರಕಾರದ ನೋಂದಣಿ ಪಟ್ಟಿಯಲ್ಲಿರಬೇಕು ಮತ್ತು ಅದಕ್ಕಾಗಿ ರೋಗಿಯಿಂದ ಹಣ ವಸೂಲು ಮಾಡುವಂತಿಲ್ಲ. ಲಕ್ಷಗಟ್ಟಲೆ ಕೇಳಿದರೆಂದರೆ ಅಲ್ಲೇ ಸಂಶಯ ಪಡಬೇಕು.

ಹೆರಿಗೆಯ ಸಮಯದಲ್ಲಿ ಮಗುವಿನ ಹೊಕ್ಕುಳಬಳ್ಳಿಯ ರಕ್ತವನ್ನು ‘ಮುಂದೆ ಮಗುವಿಗೇ ಉಪಯೋಗಕ್ಕೆ ಬರುತ್ತದೆ’ ಎಂದು ಹೇಳಿ ಖಾಸಗಿ ಬ್ಯಾಂಕುಗಳಲ್ಲಿ ಇಡಿಸುವ ವ್ಯವಹಾರದ ಬಗ್ಗೆಯೂ ಅದೇ ಮಾರ್ಗಸೂಚಿ ಎಚ್ಚರಿಸಿದೆ. ಮಗುವಿನ ಸ್ವಂತ ಬಳಕೆಗೆಂದು ಹೀಗೆ ಕಾದಿರಿಸುವುದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂಬುದು ಅದರ ಮಾತು. ಹೊಕ್ಕುಳಬಳ್ಳಿಯ ರಕ್ತದ ಬಳಕೆಗೆ ಧರ್ಮಸಭೆ ಸಮ್ಮತಿಸಿದೆ ಎಂದ ಮಾತ್ರಕ್ಕೆ ಅದನ್ನು ಮಾರುವವರ ಪ್ರತಿಯೊಂದು ಮಾತಿಗೂ ನಮ್ಮ ಸಮ್ಮತಿ ಇದೆಯೆಂದು ತಿಳಿಯಬಾರದು.

ವಿಶ್ವಗುರು ಹದಿನಾರನೇ ಬೆನೆಡಿಕ್ಟ್ ಅವರು 2011ರ ನವೆಂಬರ್‌ನಲ್ಲಿ ವಯಸ್ಕ ಆಕರಕೋಶಗಳ ಕುರಿತು ವ್ಯಾಟಿಕನ್ನಿನಲ್ಲಿ ನಡೆದ ಸಮ್ಮೇಳನದ ಪ್ರತಿನಿಧಿಗಳನ್ನು ಭೇಟಿಯಾದಾಗ ಎರಡು ವಿಷಯಗಳನ್ನು ಒಟ್ಟಿಗೆ ಎತ್ತಿದ್ದರು. ಭ್ರೂಣವನ್ನು ರಕ್ಷಿಸಬೇಕು ಎಂಬುದು ಒಂದು. ಸಂಶೋಧನೆಯ ಫಲ ಹಣವಿದ್ದವರಿಗೆ ಮಾತ್ರವಲ್ಲ, ಅಗತ್ಯವಿರುವ ಎಲ್ಲರಿಗೂ ಸಿಗಬೇಕು ಎಂಬುದು ಇನ್ನೊಂದು. ಮೊದಲನೆಯದನ್ನು ನಾವು ಪ್ರವಚನಗಳಲ್ಲಿ ಆಗಾಗ ಕೇಳುತ್ತೇವೆ. ಎರಡನೆಯದೂ ಅಷ್ಟೇ ಗಟ್ಟಿಯಾಗಿ ಕೇಳಿಬರಬೇಕು.

ನಮ್ಮಿಂದಾಗುವುದೇನು?

ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆ, ಅದರ ಅಂಗವಾಗಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿರುವ ಆಕರಕೋಶ ಸಂಶೋಧನಾ ಕೇಂದ್ರ ಮುಂತಾದೆಡೆ ನಮ್ಮ ದೇಶದಲ್ಲೂ ಈ ಕ್ಷೇತ್ರದಲ್ಲಿ ಕೆಲಸ ನಡೆಯುತ್ತಿದೆ. ವಿಜ್ಞಾನ ಓದುವ ನಮ್ಮ ಯುವಜನರು ಇತ್ತ ಹೋಗುವಂತೆ ಪ್ರೋತ್ಸಾಹಿಸಬೇಕು. ಭ್ರೂಣವನ್ನು ಮುಟ್ಟದ ಸಂಶೋಧನೆ ಬೇಕೆಂದು ಹೇಳುವವರು ಆ ಸಂಶೋಧನೆಗೆ ತಮ್ಮ ಮಕ್ಕಳನ್ನೂ ಕಳುಹಿಸಬೇಕಲ್ಲವೇ?

ನಮ್ಮ ಧರ್ಮಕೇಂದ್ರಗಳ ಆರೋಗ್ಯ ಶಿಬಿರಗಳಲ್ಲಿ ರಕ್ತದೊತ್ತಡ, ಸಕ್ಕರೆ ಪರೀಕ್ಷೆಯ ಜೊತೆಗೆ ಇಂತಹ ಹೊಸ ಚಿಕಿತ್ಸೆಗಳ ಬಗ್ಗೆ ಒಬ್ಬ ನಂಬಿಕಸ್ಥ ವೈದ್ಯರಿಂದ ಅರ್ಧ ಗಂಟೆಯ ಮಾಹಿತಿ ಕೊಡಿಸುವುದು ಕಷ್ಟದ ಕೆಲಸವಲ್ಲ. ದೊಡ್ಡ ಮೊತ್ತದ ಚಿಕಿತ್ಸೆಗೆಂದು ಒಂದು ಕುಟುಂಬ ಹೊರಟಾಗ, ಹಣ ಸಂಗ್ರಹಕ್ಕೆ ಮೊದಲು ಅದು ನೋಂದಾಯಿತ ಪ್ರಯೋಗವೇ ಎಂದು ವಿಚಾರಿಸಿ ಕೊಡುವ ಕೆಲಸವನ್ನು ವಾರ್ಡಿನ ಗುರ್ಕಾರರೂ ಪಾಲನಾ ಮಂಡಳಿಯವರೂ ಮಾಡಬಹುದು. ಇನ್ಸುಲಿನ್ ಕೊಳ್ಳಲು ಪರದಾಡುವ ಮನೆ ಅದೇ ವಾರ್ಡಿನಲ್ಲಿದ್ದರೆ, ತಿಯಾಂಜಿನ್‌ನ ಚಿಕಿತ್ಸೆ ಇಲ್ಲಿಗೆ ತಲುಪುವವರೆಗೆ ಆ ಮಗುವಿಗೆ ಬೇಕಾಗಿರುವುದು ಇಂದಿನ ಇನ್ಸುಲಿನ್, ಇಂದಿನ ನೆರವು.

ಗಾಯವಾದೆಡೆ ಒಂದು ಕೋಶ ತನ್ನ ಕಸುಬನ್ನು ಬದಿಗಿಟ್ಟು ರಿಪೇರಿಗೆ ನಿಲ್ಲುತ್ತದೆ. ಆ ಶಕ್ತಿಯನ್ನು ದೇಹದೊಳಗೆ ಇಟ್ಟವನ ಮೇಲೆ ನಮಗೆ ವಿಶ್ವಾಸವಿದೆ. ಅದನ್ನು ಬಳಸುವ ಮನುಷ್ಯರು ಪ್ರಾಮಾಣಿಕರಾಗಿರಲಿ, ಬಡವರನ್ನು ಮರೆಯದಿರಲಿ ಎಂಬುದು ನಮ್ಮ ಪ್ರಾರ್ಥನೆ.